ಮಿಂಚುರೆಕ್ಕೆಯ ಏಳು ಸುತ್ತು

ಈಗಲೇ ಹೇಳಿಬಿಡಬೇಕೋ, ಗ್ಯಾದರಿಂಗ್ ಮುಗಿದ ಮೇಲೋ? ಮುಗಿದ ಮೇಲೆ ಎಂದರೆ ಅವಳು ಕಿರವತ್ತಿ ಬಿಟ್ಟು ಹೊರಟಂತೆಯೇ. ಈಗ ಹೇಳಿ, ಅವಳು ಬೇಡವೆಂದರೆ? ಮಧ್ಯಾಹ್ನ ಅದೇ ಮುಖದ ಎದುರು ಬಟ್ಟೆಯ ತುದಿ ಹಿಡಿದು ನಿಲ್ಲುವುದು ಹೇಗೆ?

ಶಾಲೆಯ ವಾರ್ಷಿಕೋತ್ಸವದ ಆ ಬೆಳಿಗ್ಗೆ ದರ್ಶನ ಕೆಂಪು ಬಟ್ಟೆಯನ್ನು ಮೂರನೆಯ ಸಲ ಮಡಚಿದ. ಅವನು ಕಿರವತ್ತಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಅತಿಥಿ ಶಿಕ್ಷಕ. ರೋಹಿಣಿ ವಿಜ್ಞಾನ ಕಲಿಸುತ್ತಿದ್ದಳು, ಅವಳೂ ಅತಿಥಿಯೇ. ಅವಳಿಗೆ ಸಿದ್ದಾಪುರದಲ್ಲಿ ಖಾಯಂ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು.

ಗ್ಯಾದರಿಂಗಿನಲ್ಲಿ ಶಿಕ್ಷಕರದ್ದೂ ಒಂದು ಆಟ ಇರಬೇಕೆಂಬುದು ಶಾಲೆಯ ರೂಢಿ. ಈ ವರ್ಷ ಮಕ್ಕಳು ಮಿಂಚುರೆಕ್ಕೆಯೇ ಬೇಕೆಂದು ಹಟ ಹಿಡಿದರು. ಕಚೇರಿಯಲ್ಲಿ ಟೈಪು ಮಾಡುವ ಸಾಧಾರಣ ಹುಡುಗಿ, ಆಪತ್ತು ಬಂದಾಗ ಕೆಂಪು ವೇಷ ತೊಟ್ಟು ಹಾರುವ ಕಾಮಿಕ್ಸ್ ಕತೆ. ರೋಹಿಣಿ ಒಪ್ಪಿಕೊಂಡಳು. ವೇಷ ಬದಲಾಗುವುದನ್ನು ಜನರ ಕಣ್ಣೆದುರೇ ಹೇಗೆ ತೋರಿಸುವುದು ಎಂದು ದರ್ಶನನನ್ನು ಕೇಳಿದಳು. ಅವನ ಟ್ರಂಕಿನಲ್ಲಿ ಹಳೆಯ ಸಂಚಿಕೆಗಳಿದ್ದವು.

ಅಂದು ಅವನು ಎಂದೂ ಆಡದಷ್ಟು ಮಾತಾಡಿದ. ಮೊದಲ ಸಂಚಿಕೆಗಳಲ್ಲಿ ಒಂದು ಚೌಕದಲ್ಲಿ ಹುಡುಗಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಮುಂದಿನ ಚೌಕದಲ್ಲಿ ಮಿಂಚುರೆಕ್ಕೆಯಾಗಿ ಹೊರಬರುತ್ತಾಳೆ. ನಡುವೆ ಬೆರಳಗಲದ ಬಿಳಿ ಜಾಗ, ಅಷ್ಟೆ. ಹತ್ತು ವರ್ಷದ ನಂತರ ಬಂದ ಚಿತ್ರಕಾರ ಆ ಬಿಳಿಯನ್ನು ಸಹಿಸಲಿಲ್ಲ. ಒಂದಿಡೀ ಪುಟದಲ್ಲಿ ಕೋಟು, ಚಪ್ಪಲಿ, ಕನ್ನಡಕ ಒಂದೊಂದಾಗಿ ಗಾಳಿಗೆ ಹಾರುವುದನ್ನು ಬರೆದ. ಟಿವಿಗೆ ಬಂದಾಗ ಅವಳು ನಿಂತಲ್ಲೇ ಗಿರಗಿರನೆ ತಿರುಗಿದಳು, ತೆರೆಯ ತುಂಬ ಬೆಳಕು, ಬೆಳಕು ಇಳಿದರೆ ಕೆಂಪು ವೇಷ. ಈಗಿನ ಧಾರಾವಾಹಿಯಲ್ಲಿ ಉಂಗುರ ಮುಟ್ಟಿದರೆ ಸಾಕು, ಕಂಪ್ಯೂಟರಿನ ಬಟ್ಟೆ ಮೈಮೇಲೆ ತಾನೇ ಹರಿಯುತ್ತದೆ.

ನಿಮಗೆ ಯಾವುದು ಇಷ್ಟ ಎಂದು ರೋಹಿಣಿ ಕೇಳಿದಳು. ಬಿಳಿ ಜಾಗ ಎಂದ. ಅವಳು ಅವನನ್ನು ತುಸು ಹೊತ್ತು ನೋಡಿ, ಬಿಳಿ ಜಾಗ ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ, ತಿರುಗುವುದೇ ಆಗಲಿ ಎಂದಳು.

ಮೊದಲ ತಾಲೀಮಿನಲ್ಲಿ ಅವಳು ಕೆಂಪು ಚೂಡಿದಾರದ ಮೇಲೆ ಸೀರೆ ಸುತ್ತಿಕೊಂಡು ಬಂದಳು. ದರ್ಶನ ಸೆರಗು ಹಿಡಿದು ಎಳೆಯಬೇಕು, ಅವಳು ತಿರುಗಬೇಕು, ಸೀರೆ ಬಿಚ್ಚಿಕೊಂಡು ಒಳಗಿನ ಕೆಂಪು ಕಾಣಬೇಕು. ಎರಡು ಸುತ್ತು ಬಿಚ್ಚುವಷ್ಟರಲ್ಲಿ, ಬಿಸಿಯೂಟದ ಪಾತ್ರೆ ತೊಳೆಯುತ್ತಿದ್ದ ಚೌಡಮ್ಮ ಎದ್ದು ಬಂದಳು.

"ಮಾಸ್ತರ, ಇದು ಹಾರೂದಲ್ರಿ. ಸೀರಿ ಬಿಡ್ರಿ ಮೊದ್ಲು. ಮಂದಿ ನಿಮ್ಮನ್ನ ದುಶ್ಶಾಸನ ಅಂತಾರ."

ದರ್ಶನ ಕೆಂಡ ಮುಟ್ಟಿದವನಂತೆ ಸೆರಗು ಬಿಟ್ಟ. ರೋಹಿಣಿ ನಗುತ್ತ ನೆಲಕ್ಕೆ ಕೂತಳು. ಕಾಮಿಕ್ಸು, ಟಿವಿ ಎಲ್ಲ ಓದಿ ನೋಡಿದವನಿಗೆ, ಸಣ್ಣವನಿದ್ದಾಗಿನಿಂದ ಬಯಲಾಟದಲ್ಲಿ ಕಂಡ ದ್ರೌಪದಿಯ ನೆನಪೇ ಆಗಿರಲಿಲ್ಲ.

ಆ ನಾಚಿಕೆಯಲ್ಲೇ ಅವನಿಗೆ ಕಾನಸೂರಿನ ಬಯಲಾಟದಲ್ಲಿ ವೇಷ ಕಟ್ಟುವ ಚೌಕಿ ನೆನಪಾಯಿತು. ಅಲ್ಲಿ ವೇಷಧಾರಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಳ್ಳುವಾಗ ಒಬ್ಬ ದೂರದಲ್ಲಿ ತುದಿ ಬಿಗಿಹಿಡಿದು ನಿಲ್ಲುತ್ತಿದ್ದ; ವೇಷಧಾರಿ ತಾನೇ ತಿರುಗುತ್ತ, ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳುತ್ತ ಅವನತ್ತ ಬರುತ್ತಿದ್ದ. ಅದನ್ನೇ ದರ್ಶನ ಹೇಳಿ ತೋರಿಸಿದ.

"ಹಂಗಾರೆ ಬಿಚ್ಚೂದಲ್ಲ, ಉಟ್ಕಳೂದು," ಎಂದಳು ರೋಹಿಣಿ. "ಇದು ಚಲೋದಾತು."

ಯಲ್ಲಾಪುರದಿಂದ ಆರು ಮೀಟರ್ ಕೆಂಪು ಬಟ್ಟೆ ಬಂತು. ಹನ್ನೆರಡು ದಿನ ತಾಲೀಮು ನಡೆಯಿತು. ಬಿಳಿ ಚೂಡಿದಾರದಲ್ಲಿ ಅವಳು ಆ ತುದಿಯಲ್ಲಿ ನಿಲ್ಲುವಳು, ಅವನು ಈ ತುದಿಯಲ್ಲಿ. ಒಂದೊಂದು ಸುತ್ತಿಗೂ ಒಂದೊಂದು ಹೆಜ್ಜೆ ಹತ್ತಿರ. ಏಳನೆಯದಕ್ಕೆ ಬಟ್ಟೆ ಮುಗಿದು, ಅವಳ ಉಸಿರು ಅವನ ಮುಷ್ಟಿಗೆ ತಾಗುತ್ತಿತ್ತು. ಆಗ ಅವಳು ತುದಿ ತೆಗೆದುಕೊಂಡು ಸಿಕ್ಕಿಸಿಕೊಂಡು ಓಡುವಳು. ಮನೆಗೆ ಹೋದ ಮೇಲೂ ಅವನ ಬೆರಳು ಮಡಚಿಕೊಂಡೇ ಇರುತ್ತಿತ್ತು.

ಗ್ಯಾದರಿಂಗಿನ ದಿನ ಮೂರು ಗಂಟೆಗೆ ಅವರ ಸರದಿ ಬಂತು. ಪರದೆಯ ಹಿಂದೆ ರೋಹಿಣಿ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಅವನ ಕೈಗೆ ಕೊಟ್ಟಳು. ಕೊಟ್ಟವಳು ಕೂಡಲೇ ಕೈ ಬಿಡಲಿಲ್ಲ.

"ಸರ್, ನಾ ನಾಳೇನೇ ಹೋಗ್ತೆ. ಎಂತಾದ್ರೂ ಹೇಳೂದಿತ್ತಾ?"

"ಮೂರನೇ ಸುತ್ತಿಗೆ ಬಟ್ಟೆ ಸಡಿಲ ಆಗ್ತದೆ. ಸ್ವಲ್ಪ ನೋಡ್ಕಳಿ," ಎಂದ.

ಅವಳು ತಲೆಯಾಡಿಸಿದಳು. ಪರದೆ ಸರಿಯಿತು.

ಒಂದು, ಎರಡು. ಮೂರನೆಯದಕ್ಕೆ ಬಟ್ಟೆ ಸಡಿಲವಾಗಲಿಲ್ಲ. ಮಕ್ಕಳು ಗಟ್ಟಿಯಾಗಿ ಎಣಿಸತೊಡಗಿದರು. ಏಳಕ್ಕೆ ಅವಳು ಅವನೆದುರು ನಿಂತಳು, ಎದೆಯಿಂದ ಮೊಣಕಾಲಿನವರೆಗೂ ಕೆಂಪು, ಏದುಸಿರು. ತುದಿ ತೆಗೆದುಕೊಳ್ಳಬೇಕಾದ ಕೈ ಮೇಲೇಳಲಿಲ್ಲ. ಅವಳು ಕಾಯುತ್ತಿದ್ದಳು. ಸಭೆಗೆ ಅದೂ ಆಟದ ಭಾಗವೆನ್ನಿಸಿರಬೇಕು. ದರ್ಶನನೇ ತುದಿಯನ್ನು ಅವಳ ಅಂಗೈಯಲ್ಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

ಅವಳು ತುದಿ ಸಿಕ್ಕಿಸಿಕೊಂಡು, ಎರಡೂ ತೋಳು ಚಾಚಿ, ವೇದಿಕೆಯಿಂದ ಇಳಿದು ಮಕ್ಕಳ ನಡುವೆ ಓಡಿದಳು.

ಮರುದಿನ ಶಿರಸಿ ಬಸ್ಸಿಗೆ ಅವಳ ಚೀಲ ಹತ್ತಿಸಿದವನೂ ಅವನೇ. ಸಿದ್ದಾಪುರದ ಬಸ್ಸು ಅಲ್ಲಿ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಹೇಳಿದ. ಊಟ ಮಾಡಿಕೊಂಡು ಹೋಗಿ ಎಂದೂ ಹೇಳಿದ. ನಿಮ್ಮನ್ನು ಮದುವೆಯಾಗುವ ಆಸೆ ನನಗಿದೆ ಎಂದು ಅವನು ಅವಳಿಗೆ ಹೇಳಲೇ ಇಲ್ಲ.