ತುಳಸಾಬಾಯಿ ಅರ್ಧಕ್ಕೆ ಬಿಡುತ್ತಿದ್ದ ಗಿಳಿಯ ಕಥೆ

೧೯೭೮ನೆಯ ಇಸವಿ. ನನ್ನ ಹೆಂಡತಿ ತುಳಸಾಬಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷಾಂತಿಕದ ದಿನ ಮೊಮ್ಮಕ್ಕಳಿಗೆ ಅವಳ ಗಿಳಿಯ ಕಥೆಯನ್ನು ಪೂರ್ತಿಯಾಗಿ ಹೇಳಬೇಕೆಂಬ ಆಸೆ ನನಗೆ. ಅವಳು ಅದನ್ನು ಅರ್ಧಕ್ಕೇ ಬಿಡುತ್ತಿದ್ದಳು. ಮಾಟಗಾತಿ ಹುಡುಗಿಯ ತಲೆಗೆ ಮುಳ್ಳು ಚುಚ್ಚುತ್ತಾಳೆ, ಹುಡುಗಿ ಗಿಳಿಯಾಗುತ್ತಾಳೆ, ದಿನವೂ ಬಂದು ತಾಯಿಯ ಅಂಗೈಯಿಂದ ಅಕ್ಕಿ ತಿನ್ನುತ್ತಾಳೆ. ಅಷ್ಟೇ.

ನಾನು ಶಾಲೆಯ ಮಾಸ್ತರ. "ಮುಂದಿಂದು ಮರತಿಯೇನು?" ಎಂದು ಮಕ್ಕಳೆದುರಿಗೇ ಅಣಕಿಸುತ್ತಿದ್ದೆ.

"ಇಷ್ಟ ಅದರೀ," ಎಂದು ಅವಳು ಎದ್ದುಹೋಗುತ್ತಿದ್ದಳು.

ಅವಳು ಮರೆತ ಕೊನೆಯನ್ನು ಹುಡುಕಿಕೊಂಡು ಹೊರಟೆ. ಮುಂಡರಗಿಯಲ್ಲಿ ಅವಳ ಸೋದರತ್ತೆ ಹೇಳಿದ ಕಥೆಯಲ್ಲಿ ರಾಜಕುಮಾರ ಮುಳ್ಳು ಕೀಳುತ್ತಾನೆ. ಶಿರಹಟ್ಟಿಯ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಮಹಬೂಬಸಾಬ ಎಂಬಾತ ತನ್ನ ತಾಯಿ ಹೇಳುತ್ತಿದ್ದ ಕಥೆ ಹೇಳಿದ. ಅದರಲ್ಲಿ ಗಿಳಿಯಲ್ಲ, ಪಾರಿವಾಳ. ಮುಳ್ಳು ಕೀಳುವವನು ಹುಡುಗಿಯ ತಮ್ಮ. ಎರಡರಲ್ಲೂ ಹುಡುಗಿ ಮೊದಲಿನಂತಾಗಿ ಮನೆಗೆ ಬರುತ್ತಾಳೆ.

ಕಡೆಗೆ ಅವಳ ತವರೂರಾದ ಶಿಗ್ಲಿಗೆ, ಬಾಲ್ಯದ ಗೆಳತಿ ಫಕ್ಕೀರವ್ವನಲ್ಲಿಗೆ ಹೋದೆ.

"ಕುಂಡ್ರಿ ಮಾಸ್ತರ್ರ. ಆಕಿ ಇದ್ದಾಗ ಕಥಿ ಕೇಳಲಿಲ್ಲ, ಈಗ ಕೇಳಾಕ ಬಂದ್ರೇನು?" ಎಂದು ಚುಚ್ಚಿ, ಆಮೇಲೆ ಹೇಳಿದಳು. ಅವಳ ಕಥೆಯಲ್ಲಿ ತಾಯಿಯೇ ಗಿಳಿಯ ತಲೆ ಸವರುವಾಗ ಮುಳ್ಳು ಕೈಗೆ ಸಿಗುತ್ತದೆ, ಕಿತ್ತೊಡನೆ ಮಗಳು ತಿರುಗಿ ಬರುತ್ತಾಳೆ.

"ಇದನ್ನ ತುಳಸಕ್ಕನ ನನಗ ಕಲಿಸಿದ್ದು."

"ಆಕಿ ಮರತಿದ್ದಳವ್ವಾ," ಎಂದೆ.

"ಮರಿಯಾಕಿ ಅಲ್ರಿ ಆಕಿ! ನಿಮ್ಮ ವಿಮಲಾನ್ನ ತೊಡಿಮ್ಯಾಗ ಕುಂಡ್ರಿಸ್ಕೊಂಡು ಇದ ಕಟ್ಟಿಮ್ಯಾಗ ಪೂರಾ ಹೇಳಿದ್ಲು."

ನಮ್ಮ ಮಗಳು ವಿಮಲಾ ಆರು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಳು. ಕೇಳಿದ ಕಥೆಗಳನ್ನೆಲ್ಲ ಮನಸ್ಸಿನಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದೆ. ಎಲ್ಲರ ಮನೆಯ ಹುಡುಗಿಯೂ ತಿರುಗಿ ಬಂದಿದ್ದಳು. ನಮ್ಮ ಮನೆಯ ಹುಡುಗಿಯೊಬ್ಬಳೇ ಬಂದಿರಲಿಲ್ಲ. ಮಗಳು ಹೋದ ಮೇಲೆ ಇಪ್ಪತ್ತು ವರ್ಷ, ಕಥೆಯನ್ನು ಅರ್ಧಕ್ಕೆ ಬಿಟ್ಟು, ನನ್ನೆದುರಿಗೇ ತುಳಸಾಬಾಯಿ ಇದನ್ನು ಹೇಳುತ್ತಿದ್ದಳು. ನಾರಾಯಣ, ನಾನು ತಪ್ಪು ತಿದ್ದುತ್ತ ಕುಳಿತಿದ್ದೆ. ಕೈಗಳು ತಾವಾಗಿಯೇ ಕೂಡಿಕೊಂಡವು.

"ಯಾಕ್ರೀ? ಆಮ್ಯಾಲಾಮ್ಯಾಲ ಹ್ಯಾಂಗ ಹೇಳ್ತಿದ್ಲು?" ಎಂದು ಫಕ್ಕೀರವ್ವ ಕೇಳಿದಳು.

ನಾನು ಎಂದೂ ಕಥೆ ಹೇಳಿದವನಲ್ಲ. ಅಂದು ಹೇಳಿದೆ. ಕೇಳುವವರು ಹೂಂಗುಟ್ಟಬೇಕೆಂಬುದು ನಮ್ಮ ಕಡೆಯ ರೂಢಿ. ಫಕ್ಕೀರವ್ವ ಮಾತುಮಾತಿಗೂ ಹೂಂಗುಟ್ಟಿದಳು. ತಾಯಿಯ ಅಂಗೈಯ ಹತ್ತಿರ ಬಂದಾಗ ನಿಲ್ಲಿಸಿದೆ.

"ಹೂಂ, ಮುಂದ?"

"ಮುಂದ ಇಲ್ಲವ್ವಾ. ಆಕಿ ದಿನಾ ಬರ್ತಾಳ."

ಫಕ್ಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮೆಲ್ಲಗೆ, "ಹೂಂ," ಎಂದಳು.