ಹದಿಮೂರನೆಯ ತಪ್ಪು

ಕಚೇರಿಯಲ್ಲಿ ಅವಳಿಗೆ ಟಿಕ್ಕಮ್ಮ ಎಂದೇ ಹೆಸರು. ಮೂವತ್ತು ವರ್ಷ ಸರ್ಕಾರಿ ಕಡತಗಳ ಅಂಚಿನಲ್ಲಿ ಹಸಿರು ಪೆನ್ಸಿಲಿನಿಂದ ಟಿಕ್ ಹಾಕುತ್ತ ಬಂದವಳು. ಊಟದ ಕೂಪನ್ ಕೊಟ್ಟರೂ ದಿನಾಂಕ ನೋಡಿ ಒಂದು ಟಿಕ್ ಎಳೆದೇ ಪರ್ಸಿಗೆ ಹಾಕುವವಳು. ಈಗ ಕಡತಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿ ಕೂತಿದ್ದವು. ಅವುಗಳನ್ನು ಅಲ್ಲಿಯೇ ಹಿಡಿದು ತಪಾಸಣೆ ಮಾಡುವ ವಿದ್ಯೆ ಪಕ್ಕದ ದೇಶದವರಿಗೆ ಕರಗತವಾಗಿತ್ತು. ಎರಡೂ ಕಡೆಯ ದೊಡ್ಡವರು ಕೈಕುಲುಕಿ ಒಪ್ಪಂದ ಮಾಡಿಕೊಂಡ ಮೇಲೆ, ಟಿಕ್ಕಮ್ಮನೂ ಸೇರಿ ಎಂಟು ಮಂದಿ ಲೆಕ್ಕಪರಿಶೋಧಕರು ನಾಲ್ಕು ವಾರದ ತರಬೇತಿಗೆಂದು ಗಡಿ ದಾಟಿ ಬಂದಿದ್ದರು.

ಕೊನೆಯ ಪರೀಕ್ಷೆ ಪಾಸಾದವರು ಹೊಸ ತಂಡಕ್ಕೆ. ಫೇಲಾದವರು ನೆಲಮಾಳಿಗೆಯ ಹಳೆ ದಾಖಲೆ ಕೋಣೆಗೆ, ನಿವೃತ್ತಿಯವರೆಗೂ. ಆ ಕೋಣೆಯನ್ನು ಟಿಕ್ಕಮ್ಮ ನೋಡಿದ್ದಳು. ಅಲ್ಲಿ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಚಹಾ ಕುಡಿದಿರಾ ಅಂತಲೂ ಕೇಳುವುದಿಲ್ಲ.

“ಅಮ್ಮಾ, ಪ್ರಶ್ನೆ ಎರಡೆರಡು ಸಲ ಓದು. ನಿನ್ನ ತಲೆ ಓಡಿಸಬೇಡ, ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಬರಿ,” ಎಂದು ಪರೀಕ್ಷೆಯ ಬೆಳಿಗ್ಗೆ ಮಗಳು ಫೋನಿನಲ್ಲಿ ತಾಕೀತು ಮಾಡಿದಳು.

“ನಿನಗೆ ಹತ್ತನೇ ಕ್ಲಾಸಲ್ಲಿ ಇದನ್ನೇ ಹೇಳಿದ್ದೆ. ನೀನು ಕೇಳಿದ್ಯಾ?”

“ಅದಕ್ಕೇ ಹೇಳ್ತಿರೋದು.”

ಪ್ರಶ್ನೆ ಒಂದೇ. ಶಾಲಾ ಬಸ್ಸುಗಳ ತಪಾಸಣೆಯ ದಾಖಲೆ: ಯಾವ ಬಸ್ಸು, ಯಾವ ದಿನ, ಯಾವ ಇನ್‌ಸ್ಪೆಕ್ಟರು, ಬ್ರೇಕಿನ ಅಳತೆ ಎಷ್ಟು. ಅದರಲ್ಲಿ ಅಡಗಿರುವ ತಪ್ಪುಗಳನ್ನು ಮೂರು ಗಂಟೆಯೊಳಗೆ ಹುಡುಕಬೇಕು. ಪಾಠ ಹೇಳಿದ ತರಬೇತುದಾರ ಮೂವತ್ತರ ಆಸುಪಾಸಿನವನು, ಕಂಪ್ಯೂಟರನ್ನು ಅರೆದು ಕುಡಿದವನು. ನಗುತ್ತಲೇ ಎಚ್ಚರಿಸಿದ: “ಹನ್ನೆರಡು ತಪ್ಪು ನಾನೇ ಕೂತು ಬಚ್ಚಿಟ್ಟಿದ್ದೀನಿ. ಅದಕ್ಕಿಂತ ಒಂದು ಜಾಸ್ತಿ ಬರೆದ್ರೂ ಯಂತ್ರ ಸೊನ್ನೆ ಕೊಡುತ್ತೆ. ಊಹೆ ಮಾಡೋ ಆಡಿಟರು ನಮಗೆ ಬೇಡ.”

ಎರಡು ಗಂಟೆಯೊಳಗೆ ಟಿಕ್ಕಮ್ಮನಿಗೆ ಹನ್ನೆರಡೂ ಸಿಕ್ಕವು. ರಜೆಯಲ್ಲಿದ್ದವನ ಸಹಿ, ಒಂದೇ ಗಳಿಗೆಯಲ್ಲಿ ಎರಡು ಊರಲ್ಲಿದ್ದ ಇನ್‌ಸ್ಪೆಕ್ಟರು, ಅಂಥವು. ಆದರೆ ಕಣ್ಣಿಗೆ ಸಮಾಧಾನವಿರಲಿಲ್ಲ. ಕಡತದ ಕೊನೆಯಲ್ಲಿ ಕಳೆದ ವರ್ಷದ ದಾಖಲೆಯೂ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ, ಯಾರೂ ತೆರೆದಿರಲಿಲ್ಲ. ಅವಳು ಎರಡನ್ನೂ ಮುದ್ರಿಸಿದಳು. ಮುದ್ರಿಸಬಾರದು ಎಂಬ ನಿಯಮವಿರಲಿಲ್ಲ. ಈ ಕಾಲದಲ್ಲಿ ಯಾರಾದರೂ ಮುದ್ರಿಸಿಯಾರು ಎಂದು ನಿಯಮ ಮಾಡಿದವರಿಗೆ ಹೊಳೆದಿರಲಿಲ್ಲ. ಹಾಳೆಗಳನ್ನು ನೆಲದ ಮೇಲೆ ಹರಡಿ, ಮೊಣಕಾಲೂರಿ ಸಾಲಿಗೆ ಸಾಲು ಹೊಂದಿಸುತ್ತ ಹೋದಳು.

ನಲವತ್ತೊಂದು ಬಸ್ಸುಗಳ ಬ್ರೇಕಿನ ಅಳತೆ ಎರಡೂ ವರ್ಷ ಒಂದೇ. ದಶಮಾಂಶದವರೆಗೂ ಒಂದೇ. ಯಾವುದೇ ಸಾಲನ್ನು ಒಂಟಿಯಾಗಿ ನೋಡಿದರೆ ಹಾಲಿನಷ್ಟು ಶುದ್ಧ. ಜೊತೆಗಿಟ್ಟರೆ ಒಂದರ ನೆರಳು ಇನ್ನೊಂದು. ಬಸ್ಸಿನ ಹತ್ತಿರವೂ ಹೋಗದೆ ಯಾರೋ ಹಳೆಯ ಅಂಕಿಗಳನ್ನು ನಕಲು ಹೊಡೆದಿದ್ದರು.

“ಅಕ್ಕಾ, ಹನ್ನೆರಡು ಸಿಕ್ತಲ್ಲ, ಎದ್ದೇಳಿ,” ಎಂದು ಪಕ್ಕದ ಸಹೋದ್ಯೋಗಿ ಪಿಸುಗುಟ್ಟಿದ. “ನೆಲ ಗುಡಿಸೋಕೆ ಬಂದಿದ್ದೀರಾ?”

ಅವಳು ಎದ್ದು ಕುರ್ಚಿಯಲ್ಲಿ ಕೂತಳು. ಹನ್ನೆರಡು ಎಂದು ಬರೆದರೆ ಹೊಸ ತಂಡ. ಹದಿಮೂರಾದರೆ ನೆಲಮಾಳಿಗೆ. ಪರೀಕ್ಷೆಯದೇ ತಾನೆ, ಸುಳ್ಳು ಬಸ್ಸುಗಳು ತಾನೆ ಎಂದು ಮನಸ್ಸಿಗೆ ಹೇಳಿ ನೋಡಿದಳು. ಕಂಡದ್ದನ್ನು ಕಾಣಲಿಲ್ಲ ಎನ್ನುವುದಕ್ಕೆ ಕೈ ಮಾತ್ರ ಒಪ್ಪಲಿಲ್ಲ. ಹದಿಮೂರು ಎಂದು ಒತ್ತಿದಳು.

ಫಲಿತಾಂಶ ಅದೇ ಕ್ಷಣದಲ್ಲಿ ಎರಡೂ ದೇಶದ ಕಚೇರಿಗಳಿಗೆ ಹೋಯಿತು. ಏಳು ಮಂದಿ ಪಾಸು.

ಎಲ್ಲರೂ ಊಟಕ್ಕೆ ಹೋದ ಮೇಲೆ ತರಬೇತುದಾರ ಅವಳ ಹಾಳೆಗಳ ಮುಂದೆ ಬಂದು ನಿಂತ.

“ಮೇಡಂ, ಈ ಹದಿಮೂರನೇದು ನಾನು ಬಚ್ಚಿಟ್ಟಿದ್ದಲ್ಲ.”

“ಮತ್ತೆ ಯಾರು?”

ಅವನು ಕಂಪ್ಯೂಟರಿನ ಮುಂದೆ ಕೂತ. “ಸುಳ್ಳು ದಾಖಲೆ ತಯಾರಿಸೋಕೆ ಸಮಯ ಇರ್ಲಿಲ್ಲ. ನಮ್ಮ ಸಾರಿಗೆ ಕಚೇರಿಯ ನಿಜವಾದ ದಾಖಲೆಯನ್ನೇ ತಂದು, ಬಸ್ಸಿನ ನಂಬರು ಬದಲಾಯಿಸಿಬಿಟ್ಟೆ. ಯಾರನ್ನೂ ಕೇಳಲಿಲ್ಲ.”

ನಲವತ್ತೊಂದು ಬಸ್ಸುಗಳು ಈ ಊರಿನ ಬೀದಿಯಲ್ಲಿ ನಿಜಕ್ಕೂ ಓಡಾಡುತ್ತಿದ್ದವು. ಗೋಡೆಯ ಗಡಿಯಾರದಲ್ಲಿ ಒಂದೂವರೆ. ಶಾಲೆ ಬಿಡಲು ಇನ್ನು ಎರಡೂವರೆ ಗಂಟೆ.

“ಬರೀರಿ,” ಎಂದಳು ಟಿಕ್ಕಮ್ಮ.

“ನೀವೇ ಬರೆದ್ರೆ…”

“ನಾನು ಪರದೇಶದವಳಪ್ಪ. ನಿಮ್ಮ ಇಲಾಖೆಗೆ ಆಕ್ಷೇಪಣೆ ಬರೆಯೋ ಅಧಿಕಾರ ನನಗೆಲ್ಲಿದೆ?”

“ನಾನು ಯಾವತ್ತೂ ಒಂದು ಆಕ್ಷೇಪಣೆ ಬರೆದಿಲ್ಲ, ಮೇಡಂ. ನೇರ ಪಾಠ ಮಾಡೋಕೇ ಬಂದವನು.”

ಅವನಿಗೆ ಕಲಿಸುವುದೂ ಒಂದಿದೆಯಲ್ಲ ಎಂದು ಅವಳಿಗೆ ಅಷ್ಟು ಸಂಕಟದಲ್ಲೂ ನಗು ಬಂತು. ಕುರ್ಚಿ ಎಳೆದುಕೊಂಡಳು. ಅವನು ಟೈಪು ಮಾಡಿದ: ‘ಅನುಮತಿಯಿಲ್ಲದೆ ದಾಖಲೆ ತಂದ ತಪ್ಪು ನನ್ನದು.’

“ಅದನ್ನ ತೆಗೀರಿ.”

“ಮುಚ್ಚಿಡೋದಾ?”

“ಮುಚ್ಚಿಡಿ ಅಂದೆನಾ? ಕೆಳಗೆ ಹಾಕಿ. ಓದೋರು ಮೊದಲ ಪ್ಯಾರಾದಲ್ಲೇ ನಿಮ್ಮನ್ನ ಹಿಡ್ಕೊಂಡು ಕೂತ್ರೆ ಬಸ್ಸು ಮರೀತಾರೆ. ಮೊದಲು ಬಸ್ಸು ನಿಲ್ಲಿಸಿ ಅನ್ನಿ. ಆಮೇಲೆ ಸಾಕ್ಷಿ. ನೀವು ಮೂರನೇ ಪ್ಯಾರಾ.”

ಮೂರು ಪ್ಯಾರಾ ಮುಗಿದವು. ಬದಲಾಯಿಸಿದ್ದ ನಂಬರುಗಳ ಜಾಗದಲ್ಲಿ ನಿಜವಾದ ನಂಬರುಗಳು ಕೂತವು. ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿರುವುದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು ಎಂದುಕೊಂಡಳು.

“ಇನ್ನೊಂದು ಪ್ಯಾರಾ ಬೇಕು,” ಎಂದ ಅವನು. “ನಿಮ್ಮ ಉತ್ತರ ಸರಿ, ನಾನು ಯಂತ್ರಕ್ಕೆ ಕೊಟ್ಟ ಉತ್ತರಪಟ್ಟಿ ತಪ್ಪು ಅಂತ. ನಿಮ್ಮ ಆಫೀಸಿಗೂ ಒಂದು ಪ್ರತಿ ಹೋಗ್ಬೇಕು. ಹೇಗೆ ಶುರು ಮಾಡ್ಲಿ, ಹೇಳಿ.”

ಅವಳು ತಟ್ಟನೆ ಎದ್ದಳು.

“ಅದನ್ನ ನಾನು ಹೇಳಿಕೊಡಬಾರದು.”

“ಯಾಕೆ?”

“ಅದು ನನ್ನ ವಿಷಯ. ನನ್ನ ವಿಷಯಕ್ಕೆ ನಾನೇ ಕೈ ಹಾಕಿದ್ರೆ ಮೇಲಿನ ಮೂರೂ ಕೆಡ್ತವೆ. ಮೊದಲು ಆ ಮೂರು ಕಳಿಸಿ. ನಾಲ್ಕನೇದು ಬೇರೆ ಕಾಗದ. ಬರೆಯೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅವನು ಮೂರನ್ನೂ ಕಳಿಸಿ, ಸಾರಿಗೆ ಕಚೇರಿಗೆ ಫೋನೂ ಮಾಡಿದ್ದನ್ನು ನೋಡಿಯೇ ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಪಡಸಾಲೆಯ ಬೆಂಚಿನಲ್ಲಿ ಕೂತಾಗ ಮಗಳ ಫೋನು ಬಂತು.

“ಏನಾಯ್ತಮ್ಮಾ? ಪಾಸಾ?”

“ಇಲ್ಲ ಕಣೇ. ಫೇಲು.”

“ತಲೆ ಓಡಿಸಿದೆಯಾ?” ಎಂದಳು ಮಗಳು, ಬಯ್ಯುವ ದನಿಯಲ್ಲಲ್ಲ.

“ಓಡಿಸಿದೆ.”

ಒಳಗೆ ಕೀಲಿಮಣೆಯ ಸದ್ದು ಶುರುವಾಗಿ, ನಿಂತು, ಮತ್ತೆ ಶುರುವಾಯಿತು. ಟಿಕ್ಕಮ್ಮ ಎದ್ದು, ಆ ಸದ್ದು ಕೇಳದಷ್ಟು ದೂರದ ಬೆಂಚಿಗೆ ಹೋಗಿ ಕೂತಳು.