ಗಿಡ್ಡ ಕೆ-40, ಉದ್ದ ಕೆ-40

ಆಫೀಸಿನಲ್ಲಿ ಎಲ್ಲರೂ ಅವಳನ್ನು ‘ತಿದ್ದೋ ಅಕ್ಕ’ ಎಂದೇ ಕರೆಯುತ್ತಿದ್ದರು. ಯಾವ ವಿಮಾನ ಎಲ್ಲಿ ಹಾರುತ್ತಿದೆ ಎಂದು ಜನರಿಗೆ ಫೋನಿನಲ್ಲೇ ತೋರಿಸುವ ಸಣ್ಣ ಕಂಪನಿ ಅದು. ನಕ್ಷೆಯ ಮೇಲಿನ ಗುರುತನ್ನು ಮುಟ್ಟಿದರೆ ವಿಮಾನದ ನೋಂದಣಿ ಸಂಖ್ಯೆ, ಮಾದರಿಯ ಹೆಸರು, ಹೊರಟ ಊರು, ಇಳಿಯುವ ಊರು ಎಲ್ಲ ಕಾಣುತ್ತಿತ್ತು. ಮಾದರಿಯ ಹೆಸರು ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಐವತ್ತೆರಡು ವರ್ಷದ ಅವಳು ವಿಮಾನ ಹತ್ತಿದ್ದು ಒಂದೇ ಸಲ, ಅದೂ ಕಣ್ಣು ಮುಚ್ಚಿಕೊಂಡು.

ಮಾಹಿತಿ ಹತ್ತು ಕಡೆಯಿಂದ ಬರುತ್ತಿತ್ತು. ಒಬ್ಬೊಬ್ಬರದು ಒಂದೊಂದು ಬರಹ. ಕೆ-40 ಎಂಬ ಸರಕು ವಿಮಾನವೊಂದಕ್ಕೇ ಹನ್ನೊಂದು ಹೆಸರುಗಳಿದ್ದವು. ಕೆಲವಕ್ಕೆ ನಡುವೆ ಗೆರೆ ಇತ್ತು, ಕೆಲವಕ್ಕೆ ಇರಲಿಲ್ಲ. ಕೆಲವು ಕಡೆ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಬಂದು ಕೂತಿತ್ತು. ಬೆಳಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ಏಳುವ ಹೊತ್ತಿಗೆ ಬಲಭುಜ ತನ್ನದಲ್ಲ ಅನ್ನಿಸುತ್ತಿತ್ತು. ಎಷ್ಟು ತಿದ್ದಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಮನೆಯಲ್ಲಿ ಜೊತೆಗಿದ್ದ ತಂಗಿ ಶಾಲೆಯ ಟೀಚರು. “ನೀನೂ ತಿದ್ದೋಳು, ನಾನೂ ತಿದ್ದೋಳು. ನನ್ನ ಮಕ್ಕಳು ಮಾರ್ಕ್ಸ್ ಸಾಲದು ಅಂತ ಅಳೋಕಾದ್ರೂ ಬರ್ತಾರೆ. ನಿನ್ನ ವಿಮಾನಗಳಿಗೆ ಅದೂ ಇಲ್ಲ,” ಎಂದು ನಗುತ್ತಿದ್ದಳು.

ಒಂದು ಮಂಗಳವಾರ ಮೇಲ್ವಿಚಾರಕ ಬಂದು ಮೇಜಿಗೆ ಒರಗಿ ನಿಂತ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು.

“ಅಕ್ಕ, ತಿಂಗಳ ಕೊನೆಗೆ ಈ ಕೆ-40 ಗೋಳು ಮುಗೀಬೇಕು.”

“ವಿಮಾನಕ್ಕೊಂದರಂತೆ ನಾನೂರ ಹದಿನೆಂಟು ಸಾಲಿದೆಯಪ್ಪ.”

“ಒಂದೊಂದೇ ಯಾಕೆ ನೋಡ್ತೀರಾ? ಒಟ್ಟಿಗೆ ಬದಲಾಯಿಸಿಬಿಡಿ.”

ಕೆ-40ರಲ್ಲಿ ಗಿಡ್ಡದ್ದು, ಉದ್ದದ್ದು ಎಂದು ಎರಡು ಬಗೆ. ಗಿಡ್ಡದ್ದೆಲ್ಲ ಯಾವತ್ತೋ ಗುಜರಿ ಸೇರಿದೆ ಎಂದು ಎಲ್ಲೋ ಓದಿದ ನೆನಪು ಅವಳಿಗೆ. ಖಚಿತ ಮಾಡಿಕೊಳ್ಳಲು ಫೋಟೋಗಳನ್ನು ತೆಗೆದು ನೋಡಬೇಕಿತ್ತು. ಭುಜ ಸಿಡಿಯುತ್ತಿತ್ತು. ಎಲ್ಲವನ್ನೂ ‘ಉದ್ದ ಕೆ-40’ ಮಾಡಿ, ಒಂದು ಗುಂಡಿ ಒತ್ತಿ, ಮನೆಗೆ ಹೋಗಿ ಮಲಗಿದಳು.

ಶುಕ್ರವಾರ ಮಧ್ಯಾಹ್ನ ದೂರಿನ ಫೋನು ರಿಂಗಾಯಿತು. ಅದನ್ನು ಎತ್ತುವವನು ರಜೆಯಲ್ಲಿದ್ದ. ಇವಳೇ ಎತ್ತಿದಳು.

“ಮೇಡಂ, ನಾನೊಬ್ಬ ಟೈಲರ್. ನನ್ನ ಹೆಂಡ್ತಿ ಪೈಲಟ್, ಸರಕು ವಿಮಾನ ಓಡಿಸ್ತಾಳೆ.” ಉಸಿರು ಸಿಗದವನ ಹಾಗೆ ಮಾತಾಡುತ್ತಿದ್ದ. “ಟೀವೀಲಿ ಬರ್ತಿದೆ, ಉದ್ದ ಕೆ-40 ಒಂದು ಇಳಿಯೋವಾಗ ರನ್‌ವೇ ಬಿಟ್ಟು ಹೋಗಿ ಉರೀತಿದೆ ಅಂತ. ಅವಳದು ಗಿಡ್ಡದ್ದು ಅಂತ ಧೈರ್ಯವಾಗಿದ್ದೆ. ನಿಮ್ಮದರಲ್ಲಿ ನೋಡಿದ್ರೆ ಉದ್ದದ್ದು ಅಂತಿದೆ. ನಕ್ಷೇಲಿ ಗುರುತೂ ಕಾಣ್ತಿಲ್ಲ. ಅವಳ ಕಂಪನಿಯವರು ಫೋನ್ ಎತ್ತುತ್ತಿಲ್ಲ. ಯಾವುದು ಸರಿ, ಹೇಳಿ.”

ಅವಳು ನೋಂದಣಿ ಸಂಖ್ಯೆ ಕೇಳಿ ಆ ಸಾಲನ್ನು ತೆರೆದಳು. ಮಂಗಳವಾರದವರೆಗೆ ಅಲ್ಲಿ ‘ಗಿಡ್ಡ ಕೆ-40’ ಎಂದಿತ್ತು. ಬದಲಾಯಿಸಿದವರ ಜಾಗದಲ್ಲಿ ಅವಳದೇ ಹೆಸರು. ಆ ವಿಮಾನದ ಫೋಟೋ ಹುಡುಕಿದಳು. ಉದ್ದದ್ದಕ್ಕೆ ಪಕ್ಕದಲ್ಲಿ ಎರಡು ಸರಕಿನ ಬಾಗಿಲು, ಗಿಡ್ಡದ್ದಕ್ಕೆ ಒಂದೇ. ಫೋಟೋದಲ್ಲಿದ್ದದ್ದು ಒಂದೇ ಬಾಗಿಲು.

“ನಿಮ್ಮವರದು ಗಿಡ್ಡದ್ದೇ. ಉರೀತಿರೋದು ಅದಲ್ಲ. ಸಮುದ್ರದ ಮೇಲಿದ್ದಾಗ ನಮಗೆ ಗುರುತು ಸಿಗಲ್ಲ, ಅಷ್ಟೆ. ತಪ್ಪು ಹೆಸರು ಹಾಕಿದ್ದು ನಾನು.”

ಅವನು ಮೆಲ್ಲಗೆ ಹೇಳಿದ, “ಮಗಳು ಸ್ಕೂಲಿಂದ ಬಂದ್ರೆ ಏನು ಹೇಳಲಿ ಅಂತ ಗೊತ್ತಾಗದೆ ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದ್ದೀನಿ.”

“ತಪ್ಪಾಯ್ತು.”

“ಇವತ್ತು ನಿಮ್ಮನ್ನ ಹೇಗೆ ನಂಬಲಿ? ಅವಳು ಕಾಣೋ ತನಕ ಫೋನ್ ಇಡಬೇಡಿ.”

ಅವಳು ಇಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಸುಮ್ಮನಿರಲಾಗದೆ ಯಾರದೋ ಪ್ಯಾಂಟು ಹೊಲಿಯುತ್ತಿದ್ದೇನೆ ಎಂದ. “ಅಳತೆ ಹಾಕಿ ಹೊಲಿದ್ರೂ ಒಂದೊಂದು ಸಲ ಗಿಡ್ಡ ಆಗುತ್ತೆ. ಗಿರಾಕಿ ಬೈತಾನೆ, ಬಿಚ್ಚಿ ಹೊಲೀತೀನಿ. ನೀವು ಅಳತೆನೇ ಹಾಕ್ಲಿಲ್ಲ ಅಲ್ವಾ ಮೇಡಂ?”

“ಇಲ್ಲ,” ಎಂದಳು.

ನಲವತ್ತು ನಿಮಿಷದ ಮೇಲೆ ಕರಾವಳಿಯ ಅಂಚಿನಲ್ಲಿ ಹಳದಿ ಗುರುತೊಂದು ಮೂಡಿತು. ಅದೇ ಸಂಖ್ಯೆ.

“ಬಂದ್ರು. ನೋಡಿ, ಬಂದ್ರು.”

ಯಂತ್ರ ನಿಂತಿತು. ಅವನು ಬಿಕ್ಕುವುದು ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು.

ಆಮೇಲೆ ಅವಳು ಉರಿದ ವಿಮಾನದ ಸಾಲನ್ನೂ ತೆರೆದು ನೋಡಿದಳು. ಉದ್ದ ಕೆ-40. ಅಲ್ಲಿ ಹೆಸರು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅದರಲ್ಲಿದ್ದ ಇಬ್ಬರಲ್ಲಿ ಒಬ್ಬರು ಉಳಿಯಲಿಲ್ಲ ಎಂದು ಸಂಜೆಯ ಸುದ್ದಿ ಹೇಳಿತು. ತಂಗಿ ಮುಂದಿಟ್ಟ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದಳು.

ಸೋಮವಾರ ಎಲ್ಲವನ್ನೂ ಮೇಲ್ವಿಚಾರಕನಿಗೆ ಹೇಳಿದಳು. “ಅಯ್ಯೋ ಬಿಡಿ ಅಕ್ಕ, ಎರಡೂ ಕೆ-40 ತಾನೇ. ಅದೊಂದು ಸಾಲು ಸರಿ ಮಾಡಿ ಸಾಕು,” ಎಂದ.

“ಸಾಲದು. ಹಳೇದನ್ನೆಲ್ಲ ವಾಪಸ್ ತರ್ತೀನಿ. ಆಮೇಲೆ ಒಂದೊಂದರ ಫೋಟೋ ನೋಡಿ ತಿದ್ತೀನಿ.”

“ತಿಂಗಳ ಕೊನೆಗೆ ಮುಗಿಯಲ್ಲ.”

“ಮುಗಿಯಲ್ಲ.”

ಅವನು ಮುಖ ಗಂಟಿಕ್ಕಿಕೊಂಡು ಹೋದ. ಮಧ್ಯಾಹ್ನ ದೂರಿನ ಫೋನಿನಲ್ಲಿ ಹೆಂಗಸಿನ ದನಿ. “ನಾನು ಪೈಲಟ್. ನಮ್ಮನೆಯವರ ಹತ್ರ ನಲವತ್ತು ನಿಮಿಷ ಮಾತಾಡಿದ್ದು ನೀವೇನಾ? ನನ್ನ ಹತ್ರ ನಾಲ್ಕು ಮಾತಾಡಿದ್ರೆ ಹೆಚ್ಚು ಅವರು.” ನಗು ಬೇಗ ನಿಂತಿತು. “ಉರಿದ ವಿಮಾನದಲ್ಲಿ ತೀರಿಹೋದವರು ನನಗೆ ಪಾಠ ಹೇಳಿದ ಗುರುಗಳು. ಅದಿರಲಿ. ನಮ್ಮ ಕಂಪನೀದು ಇನ್ನೂ ಮೂರು ಗಿಡ್ಡದ್ದಿದೆ. ಅವನ್ನೂ ನೀವು ಉದ್ದ ಮಾಡಿಟ್ಟಿದ್ದೀರಿ. ನಂಬರ್ ಹೇಳ್ತೀನಿ, ಬರ್ಕೊಳ್ಳಿ.”

ಅವಳು ಬರೆದುಕೊಂಡಳು. ಪೂರ್ತಿ ಮುಗಿಸಲು ಐದು ವಾರ ಹಿಡಿಯಿತು. ನಾನೂರ ಹದಿನೆಂಟರಲ್ಲಿ ಗಿಡ್ಡ ವಿಮಾನಗಳು ಅರವತ್ತೊಂದು. ಯಾವುದೂ ಗುಜರಿಗೆ ಹೋಗಿರಲಿಲ್ಲ, ಎಲ್ಲವೂ ಹಾರುತ್ತಿದ್ದವು.